ಡೀಸೆಲ್ ಮೆಕ್ಯಾನಿಕ್ ವೃತ್ತಿ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ

ಡೀಸೆಲ್ ಇಂಜಿನ್ನಿನ ರೋಗ ಕಂಡುಹಿಡಿದು, ಅದನ್ನು ಬಿಚ್ಚಿ, ಸವೆದ ಭಾಗವನ್ನು ತಿದ್ದಿ ಇಲ್ಲವೆ ಬದಲಿಸಿ, ಮತ್ತೆ ಜೋಡಿಸಿ ದುಡಿಮೆಗೆ ಹಚ್ಚುವ ಕುಶಲಕರ್ಮಿಯೇ ಡೀಸೆಲ್ ಮೆಕ್ಯಾನಿಕ್. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಅವನನ್ನು ಮಿಸ್ತ್ರಿ ಎಂದೂ ಕರೆಯುತ್ತಾರೆ. ಕೃಷ್ಣಾ, ಘಟಪ್ರಭಾ ನದಿಗಳ ನೀರುಂಡು ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಟ್ರ್ಯಾಕ್ಟರ್, ಲಾರಿ, ಬಸ್ಸು, ಕಬ್ಬು ಕಟಾವು ಯಂತ್ರ, ಜನರೇಟರ್, ಮಣ್ಣು ಅಗೆಯುವ ಜೆಸಿಬಿ ಎಲ್ಲವೂ ಅವನ ಕೈಯಿಂದಲೇ ಹಾದುಹೋಗಬೇಕು. ಆದರೂ ಶಾಲೆಯಲ್ಲಿ ಹಿಂದೆ ಬಿದ್ದ ಹುಡುಗನಿಗೆ ಮನೆಯವರು ಕೊನೆಯದಾಗಿ ತೋರಿಸುವ ದಾರಿ ಗ್ಯಾರೇಜು ಎಂಬ ಭಾವನೆ ಇಲ್ಲಿ ಗಟ್ಟಿಯಾಗಿ ಉಳಿದಿದೆ. ಅದು ಕಸುಬಿನ ಅರ್ಥಶಾಸ್ತ್ರವನ್ನು ತಪ್ಪಾಗಿ ಓದಿದ್ದರ ಫಲ. ಈ ನಾಲ್ಕು ತಾಲೂಕುಗಳಲ್ಲಿ ಮೆಕ್ಯಾನಿಕ್‌ನ ವಿದ್ಯೆಗೆ ಬೆಲೆ ಕಟ್ಟುವುದು ಯಂತ್ರ ನಿಂತ ತಾಸು. ಯಾವ ತಾಸಿನಲ್ಲಿ, ಎಲ್ಲಿ, ಯಾವುದರ ನಡುವೆ ಇಂಜಿನ್ ನಿಂತಿತು ಎಂಬುದರ ಮೇಲೆ ಅವನ ಕೂಲಿಯೂ ಮರ್ಯಾದೆಯೂ ಮುಂದಿನ ದಿನಗಳೂ ನಿಂತಿವೆ. ಕಸುಬನ್ನು ಹೇಗೆ ಕಲಿಯಬೇಕು, ಅದು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಹೊರಡಬೇಕು.

ಆ ತಾಸಿಗೆ ಇಷ್ಟು ಬೆಲೆ ಬಂದದ್ದು ಕಬ್ಬಿನಿಂದ. ಮುಧೋಳದ ನಿರಾಣಿ ಶುಗರ್ಸ್, ಉತ್ತೂರಿನ ಐಸಿಪಿಎಲ್, ಸಮೀರವಾಡಿಯ ಗೋದಾವರಿ, ಹಿರೇಪಡಸಲಗಿಯ ಜಮಖಂಡಿ ಶುಗರ್ಸ್, ಸಿದ್ದಾಪುರದ ಪ್ರಭುಲಿಂಗೇಶ್ವರ, ಬಾಡಗಂಡಿಯ ಬೀಳಗಿ ಶುಗರ್ಸ್ ಎಂದು ಕಾರ್ಖಾನೆಗಳು ಒಂದಕ್ಕೊಂದು ಕೂಗಳತೆಯಲ್ಲಿದ್ದಂತೆ ನಿಂತಿವೆ. ನುರಿಸುವ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ರಸ್ತೆಯಲ್ಲಿರುತ್ತವೆ. ಕಬ್ಬು ಕಡಿದ ಗಳಿಗೆಯಿಂದ ಕೆಡತೊಡಗುತ್ತದೆ: ನೀರು ಆರಿ ತೂಕ ಇಳಿಯುತ್ತದೆ, ಕಬ್ಬಿನೊಳಗಿನ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ, ಕಡಿದ ತುದಿಗಳಿಂದ ಬ್ಯಾಕ್ಟೀರಿಯಾ ಒಳಸೇರುತ್ತದೆ. ಆದಷ್ಟು 24 ತಾಸಿನೊಳಗೆ ನುರಿಸಬೇಕೆಂದು ಕೃಷಿ ತಜ್ಞರು ಹೇಳುವುದು ಅದಕ್ಕೇ. ರೈತನಿಗೆ ದುಡ್ಡು ಬರುವುದು ತೂಕದ ಮೇಲೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಹೀಗಿರುವಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೊಲದ ಬದುವಿನಲ್ಲಿ ನಿಂತಿತೆಂದರೆ ರೈತನ ತೂಕ ಕರಗುತ್ತದೆ, ಟ್ರ್ಯಾಕ್ಟರ್ ಮಾಲೀಕನ ಖೇಪು ತಪ್ಪುತ್ತದೆ, ಮರಾಠವಾಡದ ಬೀಡ ಮುಂತಾದ ಕಡೆಯಿಂದ ಬಂದ ಕಟಾವು ಗ್ಯಾಂಗಿನ ದಿನಗೂಲಿ ಹಾಳಾಗುತ್ತದೆ. ಬೇರೆ ಸಾಗಾಟಕ್ಕೆ ದಾರಿಯೂ ಇಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗ 2010-11ರಲ್ಲಿ ಮಂಜೂರಾದರೂ ಜಮಖಂಡಿಗೆ, ರಬಕವಿಗೆ ರೈಲು ಬರಲು ವರ್ಷಗಟ್ಟಲೆ ಕಾಯಬೇಕಾಗಿದೆ. ಈ ಸೀಮೆಯ ಭಾರವೆಲ್ಲ ಡೀಸೆಲ್ ಮೇಲೆಯೇ ಬಿದ್ದಿದೆ. ವಿಚಿತ್ರವೆಂದರೆ, ಇಲ್ಲಿನ ಕಾರ್ಖಾನೆಗಳ ಎಥೆನಾಲ್ ದೇಶದ ಪೆಟ್ರೋಲಿಗೆ ಸೇರುತ್ತದೆ. ಆ ಎಥೆನಾಲ್ ಆಗುವ ಕಬ್ಬನ್ನು ಹೊತ್ತು ತರುವುದು ಮಾತ್ರ ಡೀಸೆಲ್.

ಇಂಜಿನ್ ಈ ಊರುಗಳಿಗೆ ಬಂದದ್ದು ಟ್ರ್ಯಾಕ್ಟರಿನ ರೂಪದಲ್ಲಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. ಅದೇ ಕಾಲಕ್ಕೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು. 1910ರಲ್ಲಿ ಅವರು ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ಕಬ್ಬಿಣದ ನೇಗಿಲು ಮಾಡಿದರು. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಬಾವಿ, ಹೊಳೆಯ ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣ, ಇವಕ್ಕೆಲ್ಲ ಒಂದೇ ಸಿಲಿಂಡರಿನ ನಿಂತ ಇಂಜಿನ್ನೇ ಎತ್ತಿನ ಜಾಗಕ್ಕೆ ಬಂತು. ಕಿರ್ಲೋಸ್ಕರ್‌ನ ಎವಿ1 ಎಂಬ 5 ಅಶ್ವಶಕ್ತಿಯ ಇಂಜಿನ್ನಿನ ಬೋರು 80 ಮಿಲಿಮೀಟರ್, ಸ್ಟ್ರೋಕು 110, ನಿಮಿಷಕ್ಕೆ 1500 ಸುತ್ತು. ನಿಧಾನಕ್ಕೆ ನಿಮಿಷಕ್ಕೆ 650 ಸುತ್ತು ತಿರುಗುವ ಲಿಸ್ಟರ್ ಮಾದರಿಯ ಇಂಜಿನ್ ಇನ್ನೂ ದಡ್ಡ, ಇನ್ನೂ ಗಟ್ಟಿ. ಮಿಸ್ತ್ರಿಗಳ ಮೊದಲ ತಲೆಮಾರು ಕಲಿತದ್ದು ಇವುಗಳ ಮೇಲೆ. ಆಮೇಲೆ ವಿದ್ಯುತ್ತು ಬಂತು. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ ಮೇಲೆ ಹೊಲದಲ್ಲಿ ಡೀಸೆಲ್ ಪಂಪು ಓಡಿಸುವುದು ಲೆಕ್ಕಕ್ಕೆ ಕೂಡದಾಯಿತು. ಗಿರಣಿ, ಗಾಣಗಳೂ ಮೋಟರಿಗೆ ತಿರುಗಿದವು. ಆದರೆ ಅದೇ ನೀರಿನಿಂದ ಕಬ್ಬು ಹೆಚ್ಚಿತು, ಕಬ್ಬಿನಿಂದ ಟ್ರ್ಯಾಕ್ಟರು ಹೆಚ್ಚಿದವು, ನಿಂತ ಇಂಜಿನ್ನು ಬಿಚ್ಚುತ್ತಿದ್ದ ಕೈ ಓಡುವ ಇಂಜಿನ್ನಿಗೆ ಹೊರಳಿತು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ನೀರಾವರಿಯ ಚರಿತ್ರೆಯಲ್ಲಿ ದೊಡ್ಡ ಹೆಸರು. ಅಂಥ ನೀರಿನ ಹಸಿವು ಪರೋಕ್ಷವಾಗಿ ಇಲ್ಲಿನ ಗ್ಯಾರೇಜುಗಳನ್ನೂ ಬೆಳೆಸಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ; ಬರೆದಿಡಬೇಕು.

ಈ ಕಸುಬಿನ ತಿರುಳು ಬಿಚ್ಚಿ ಜೋಡಿಸುವುದರಲ್ಲಿದೆ ಎಂದು ಹೊರಗಿನವರು ತಿಳಿಯುತ್ತಾರೆ. ಬಿಚ್ಚದೆ ತಿಳಿಯುವುದರಲ್ಲಿ ಅದು ಇದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಹದಿನಾರು-ಹದಿನೇಳು ಪಟ್ಟು ಒತ್ತಿದಾಗ ಅದು ತಾನೇ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವಿಗೆ ನಾಜಲ್‌ನಿಂದ ಮಂಜಿನಂತೆ ಸಿಡಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೂರೇ ಪ್ರಶ್ನೆ: ಗಾಳಿ ಸಾಕಷ್ಟು ಬರುತ್ತಿದೆಯೇ, ಒತ್ತಡ ಸೋರುತ್ತಿದೆಯೇ, ಡೀಸೆಲ್ ಸರಿಯಾದ ಗಳಿಗೆಗೆ ಸರಿಯಾಗಿ ಸಿಡಿಯುತ್ತಿದೆಯೇ? ಉತ್ತರವನ್ನು ಇಂಜಿನ್ ಹೊಗೆಯಲ್ಲಿ ಹೇಳುತ್ತದೆ. ಕರಿ ಹೊಗೆ ಎಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ. ಏರ್ ಫಿಲ್ಟರು ಕಟ್ಟಿರಬೇಕು, ನಾಜಲ್ ಹನಿಸುತ್ತಿರಬೇಕು, ಇಲ್ಲವೆ ಭಾರ ಮಿತಿ ಮೀರಿರಬೇಕು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ: ರಿಂಗು, ಲೈನರು, ಇಲ್ಲವೆ ವಾಲ್ವಿನ ಗೈಡು. ಬಿಳಿ ಹೊಗೆಗೆ ಎರಡು ಅರ್ಥ. ಹೊತ್ತದ ಡೀಸೆಲ್ಲೂ ಆಗಬಹುದು, ಹೆಡ್ ಗ್ಯಾಸ್ಕೆಟ್ ಒಡೆದು ಸಿಲಿಂಡರಿಗೆ ಇಳಿದ ನೀರಿನ ಆವಿಯೂ ಆಗಬಹುದು. ವಾಸನೆ ನೋಡಿ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ ಎರಡನ್ನೂ ಬೇರ್ಪಡಿಸಬೇಕು. ಎರೆಮಣ್ಣಿನ ನುಣ್ಣನೆ ಧೂಳು, ಕಬ್ಬಿನ ರವದಿಯ ಪುಡಿ, 40 ಡಿಗ್ರಿ ದಾಟುವ ಬೇಸಿಗೆ, ಉಪ್ಪಿನಂಶದ ಬೋರ್‌ವೆಲ್ ನೀರು ತುಂಬಿ ಒಳಗೆ ಪದರುಗಟ್ಟಿದ ರೇಡಿಯೇಟರು, ಇವೆಲ್ಲ ಈ ನೆಲದ ಇಂಜಿನ್ನುಗಳ ಸ್ವಂತ ಕಾಯಿಲೆಗಳು. ಚೆನ್ನೈನಲ್ಲೋ ಪುಣೆಯಲ್ಲೋ ಅಚ್ಚಾದ ಸರ್ವಿಸ್ ಪುಸ್ತಕದಲ್ಲಿ ಅವಕ್ಕೆ ಒಂದೆರಡು ಸಾಲು ಇರಬಹುದು. ಅವನ್ನು ನೆನಪಿನಲ್ಲಿಟ್ಟುಕೊಂಡಿರುವವನು ಸ್ಥಳೀಯ ಮಿಸ್ತ್ರಿ. ಹೊಲದಲ್ಲಿ ನಿಂತ ಟ್ರ್ಯಾಕ್ಟರಿನ ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿದೆ ಎಂದು ಹತ್ತು ನಿಮಿಷದಲ್ಲಿ ಗೊತ್ತುಮಾಡಿ ಏರ್ ತೆಗೆದು ಹೊರಡಿಸುವವನಿಗೂ, ಗೊತ್ತಾಗದೆ ಪಂಪನ್ನೇ ಇಳಿಸಿ ಪಟ್ಟಣಕ್ಕೆ ಒಯ್ಯುವವನಿಗೂ ನಡುವೆ ಒಂದು ದಿನದ ಅಂತರವಿದೆ. ಕೂಲಿ ಮೊದಲನೆಯವನದು ಕಡಿಮೆ ಕಾಣಬಹುದು, ಆದರೆ ಮುಂದಿನ ಸಲ ಫೋನು ಬರುವುದು ಅವನಿಗೇ.

ಇದನ್ನು ಕಲಿಯಲು ಎರಡು ದಾರಿಗಳಿವೆ, ಎರಡರ ನಡುವೆ ಹಳೆಯ ಜಗಳವೂ ಇದೆ. ಒಂದು ಉಸ್ತಾದನ ಗ್ಯಾರೇಜು: ಮೊದಲು ಬಿಚ್ಚಿದ ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯುವುದು, ಕೇಳಿದ ಪಾನಾ ಕೈಗೆ ಕೊಡುವುದು, ಆಮೇಲೆ ಕ್ಲಚ್ಚು, ಬ್ರೇಕು, ಕೊನೆಗೆ ಇಂಜಿನ್. ಇನ್ನೊಂದು ಐಟಿಐ. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಕೋರ್ಸು. ಹತ್ತನೇ ತರಗತಿ ಪಾಸಾದವರು ಸೇರಬಹುದು, ಹುಡುಗಿಯರಿಗೂ ಬಾಗಿಲು ತೆರೆದಿದೆ. ಮೆಕ್ಯಾನಿಕ್ ಟ್ರ್ಯಾಕ್ಟರ್, ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸುಗಳೂ ಹತ್ತಿರದ ನೆಂಟರು. ಕೋರ್ಸಿನ ನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಶಿಷ್ಯವೇತನದೊಂದಿಗೆ ಕಾರ್ಯಾಗಾರದಲ್ಲಿ ಕಲಿಯಬಹುದು. ಉಸ್ತಾದರ ಆಕ್ಷೇಪ ಗೊತ್ತಿದ್ದದ್ದೇ: ಐಟಿಐನಿಂದ ಬಂದ ಹುಡುಗನಿಗೆ ಹೆಸರು ಗೊತ್ತು, ಕೈ ಹೊರಳುವುದಿಲ್ಲ. ಆ ಮಾತಿನಲ್ಲಿ ಸತ್ಯವಿದೆ. ವರ್ಷವಿಡೀ ಒಂದೇ ಮಾದರಿ ಇಂಜಿನ್ ಬಿಚ್ಚಿ ಕಟ್ಟಿದವನು ಕೆಸರಿನಲ್ಲಿ ಹೂತ, ಹದಿನೈದು ವರ್ಷ ಹಳೆಯ ಟ್ರ್ಯಾಕ್ಟರಿನ ಮುಂದೆ ತಡವರಿಸುತ್ತಾನೆ. ಆದರೆ ಗ್ಯಾರೇಜು ಕಲಿಸದ ಒಂದು ಸಂಗತಿಯನ್ನು ಐಟಿಐ ಕಲಿಸುತ್ತದೆ, ಅದು ಅಳತೆ. ಮೈಕ್ರೋಮೀಟರಿನಿಂದ ಕ್ರ್ಯಾಂಕಿನ ಸವೆತ ನೋಡುವುದು, ಬೋರ್ ಗೇಜಿನಿಂದ ಲೈನರು ಎಷ್ಟು ಅಂಡಾಕಾರವಾಗಿದೆ ಎಂದು ಅಳೆಯುವುದು, ಫೀಲರ್ ಗೇಜಿನಿಂದ ಟ್ಯಾಪೆಟ್ ಸೆಟ್ ಮಾಡುವುದು, ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಕ್ರಮವಾಗಿ ಟಾರ್ಕ್ ಪಾನಾದಿಂದ ಬಿಗಿಯುವುದು. ಕೈ ಅಂದಾಜಿನಲ್ಲಿ ಬಿಗಿದ ಹೆಡ್ಡು ಇವತ್ತು ಓಡುತ್ತದೆ. ಹಂಗಾಮಿನ ನಡುವೆ ಗ್ಯಾಸ್ಕೆಟ್ ಹಾರಿ ನಿಲ್ಲುತ್ತದೆ. ಅಳತೆ ಕಲಿಯದ ಅನುಭವ ಅದೇ ತಪ್ಪನ್ನು ಮತ್ತೆ ಮತ್ತೆ ಪಳಗಿಸುತ್ತದೆ ಅಷ್ಟೆ.

ಹಾಗಾದರೆ ಹುಡುಗ ಚಿಕ್ಕವನಿದ್ದಾಗಲೇ ಗ್ಯಾರೇಜಿಗೆ ಸೇರಿದರೆ ಕೈ ಪಳಗುತ್ತದೆ ಎಂಬ ಹಳೆಯ ವಾದವನ್ನು ಒಪ್ಪಬೇಕೆ? ಒಪ್ಪಲಾಗದು. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದು 2016ರ ತಿದ್ದುಪಡಿಯ ನಂತರ ಕೆಲವೇ ವಿನಾಯಿತಿ ಬಿಟ್ಟರೆ ನಿಷಿದ್ಧ. ಕಾನೂನಿನ ಮಾತು ಹಾಗಿರಲಿ, ಓದಲು ಬಾರದ ಮೆಕ್ಯಾನಿಕ್‌ನ ಕಾಲ ಮುಗಿದಿದೆ. ಟಾರ್ಕಿನ ಪಟ್ಟಿ, ವೈರಿಂಗ್ ನಕ್ಷೆ, ದೋಷದ ಕೋಡು ಎಲ್ಲವೂ ಅಕ್ಷರದಲ್ಲಿವೆ, ಬಹುಪಾಲು ಇಂಗ್ಲಿಷಿನಲ್ಲಿ. ಹತ್ತನೇ ತರಗತಿ ಮುಗಿಸಿ, ಒಂದು ವರ್ಷ ಐಟಿಐ ಮಾಡಿ, ಆಮೇಲೆ ಎರಡು-ಮೂರು ಹಂಗಾಮು ಒಳ್ಳೆಯ ಉಸ್ತಾದನ ಕೈಕೆಳಗೆ ದುಡಿಯುವುದು ಈ ಸೀಮೆಗೆ ಹೊಂದುವ ಕ್ರಮ. ಈಗಾಗಲೇ ಗ್ಯಾರೇಜಿನಲ್ಲಿ ಕಲಿತು ಪ್ರಮಾಣಪತ್ರವಿಲ್ಲದವರಿಗೆ, ಪೂರ್ವ ಕಲಿಕೆಯನ್ನು ಪರೀಕ್ಷಿಸಿ ಮಾನ್ಯ ಮಾಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ ನೆರವಾಗುವ 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗ, ಕಮ್ಮಾರ, ಕುಂಬಾರ ಎಲ್ಲ ಇದ್ದಾರೆ, ಇಂಜಿನ್ ಮಿಸ್ತ್ರಿ ಇಲ್ಲ. ಗುರು-ಶಿಷ್ಯರ ನಡುವೆ ಕೈಯಿಂದ ಕೈಗೆ ಇಳಿದ ವಿದ್ಯೆ ಎಂಬ ಅರ್ಥದಲ್ಲಿ ಅವನೂ ಅದೇ ಪಂಕ್ತಿಯವನು. ಅವನನ್ನು ಹೊರಗಿಟ್ಟದ್ದು ಸರಿಯಲ್ಲ.

ಸಂಬಳದ ಕೆಲಸ ಬಯಸುವವರಿಗೆ ದಾರಿಗಳು ಕೆಲವೇ. 1997ರ ನವೆಂಬರ್ 1ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನಡೆಯುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಈ ಭಾಗದಲ್ಲಿ ಬಸ್ ಡಿಪೋಗಳಿವೆ. ಅಲ್ಲಿನ ತಾಂತ್ರಿಕ ಸಿಬ್ಬಂದಿಯ ನೇಮಕಾತಿಗೆ ಐಟಿಐ ಪ್ರಮಾಣಪತ್ರ ಆಧಾರ. ಸಕ್ಕರೆ ಕಾರ್ಖಾನೆಗಳ ವಾಹನ ವಿಭಾಗ, ಟ್ರ್ಯಾಕ್ಟರ್ ಮಾರಾಟಗಾರರ ಸರ್ವಿಸ್ ಕೇಂದ್ರ, ಇಳಕಲ್ ಕಡೆಯ ಗ್ರಾನೈಟ್ ಕಲ್ಲುಗಣಿಗಳ ಭಾರೀ ಯಂತ್ರಗಳು ಉಳಿದವು.

ಸ್ವಂತ ಗ್ಯಾರೇಜಿನ ಲೆಕ್ಕ ಹೆಚ್ಚು ತೊಡಕಿನದು. ಅದರ ಪಂಚಾಂಗ ಕಬ್ಬಿನ ಪಂಚಾಂಗವೇ. ಹಂಗಾಮು ಮುಗಿದು ಮಳೆಗಾಲ ಬರುವವರೆಗೆ ದೊಡ್ಡ ಇಂಜಿನ್ ಕೆಲಸದ ಕಾಲ: ಬೋರು, ಲೈನರು, ಕ್ರ್ಯಾಂಕ್ ಗ್ರೈಂಡಿಂಗ್. ಹಂಗಾಮಿನಲ್ಲಿ ತುರ್ತು ಕೆಲಸ, ರಾತ್ರಿ ಎರಡಕ್ಕೂ ಕರೆ. ಟ್ರ್ಯಾಕ್ಟರಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಅಲ್ಲ, ತಾಸಿನ ಮೀಟರಿನಲ್ಲಿ ಓದುತ್ತಾರೆ. ಸಾಮಾನ್ಯವಾಗಿ 250 ತಾಸಿಗೊಮ್ಮೆ ಆಯಿಲ್ ಬದಲಿಸಬೇಕು, ಆದರೆ ಖೇಪಿನ ಆಸೆಯಲ್ಲಿ ಅದನ್ನು ಮುಂದೂಡುವ ಮಾಲೀಕರು ಬಹಳ. ಕೆಲಸವಾದ ಕೂಡಲೆ ದುಡ್ಡು ಬರುವುದೂ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದಲ್ಲಿ ರೈತರಿಗೆ ಹಣ ಕೊಡಬೇಕು. ಅದು ತಡವಾದಾಗ ರೈತ ಟ್ರ್ಯಾಕ್ಟರ್ ಮಾಲೀಕನಿಗೆ, ಮಾಲೀಕ ಮೆಕ್ಯಾನಿಕ್‌ಗೆ, ಮೆಕ್ಯಾನಿಕ್ ಬಿಡಿಭಾಗದ ಅಂಗಡಿಗೆ ಉದ್ರಿ ಹೇಳುತ್ತಾನೆ. ಈ ಸರಪಳಿಯ ನಡುವೆ ಸಿಕ್ಕಿಬಿದ್ದ ಮಿಸ್ತ್ರಿಯ ಕೈಯಲ್ಲಿ ಬಂಡವಾಳ ಕಡಿಮೆ, ಅಂಗಡಿಯವನಿಗೆ ಕೊಡಬೇಕಾದದ್ದು ಮಾತ್ರ ತಪ್ಪದು. ಈ ಕಸುಬಿನಲ್ಲಿ ಸೋತವರಲ್ಲಿ ವಿದ್ಯೆ ಸಾಲದವರಿಗಿಂತ ಉದ್ರಿ ವಸೂಲಿ ಮಾಡಲಾಗದವರೇ ಹೆಚ್ಚಿರಬೇಕೆಂದು ತೋರುತ್ತದೆ. ಬಿಡಿಭಾಗದ ಹಣ ಮುಂಗಡ, ಕೂಲಿ ಮಾತ್ರ ಕಬ್ಬಿನ ಬಿಲ್ಲು ಬಂದಾಗ ಎಂಬ ಕಟ್ಟುಪಾಡನ್ನು ಮೊದಲ ದಿನದಿಂದ ಇಟ್ಟುಕೊಂಡವರು ನಿಲ್ಲುತ್ತಾರೆ. ಲೆಕ್ಕದ ಪುಸ್ತಕ ಬರೆಯುವುದನ್ನು ಐಟಿಐನಲ್ಲಿ ಇನ್ನಷ್ಟು ಗಂಭೀರವಾಗಿ ಕಲಿಸಬೇಕು.

ಈ ಕಸುಬಿಗೆ ಮುಂದೆ ಬಾಳುವೆ ಇಲ್ಲ ಎನ್ನುವವರ ಮೊದಲ ದೊಡ್ಡ ಆಕ್ಷೇಪ ಎಲೆಕ್ಟ್ರಾನಿಕ್ಸಿನದು. 2020ರ ಏಪ್ರಿಲ್ 1ರಿಂದ ರಸ್ತೆ ವಾಹನಗಳಿಗೆ ಬಿಎಸ್-6 ಎಂಬ ಹೊಗೆ ಮಿತಿಯ ನಿಯಮ ಬಂತು, ಡೀಸೆಲ್‌ನಲ್ಲಿನ ಗಂಧಕ ದಶಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. 2023ರ ಜನವರಿ 1ರಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್-4, ಅದೇ ವರ್ಷದ ಜುಲೈ 1ರಿಂದ ಹೊಸ ಜನರೇಟರುಗಳಿಗೆ ಇನ್ನೂ ಬಿಗಿಯಾದ ನಿಯಮ. 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ ಕೊಟ್ಟ ಹಳೆಯ ಪಂಪಿನ ಕಾಲದಲ್ಲಿ ನಾಜಲ್ 200 ಬಾರ್ ಆಸುಪಾಸಿನ ಒತ್ತಡಕ್ಕೆ ತೆರೆಯುತ್ತಿತ್ತು. ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಲ್ಲಿ ಡೀಸೆಲ್ ಒತ್ತಿಡುವ ಕಾಮನ್ ರೈಲಿನಲ್ಲಿ ಒತ್ತಡ 1600 ಬಾರ್ ದಾಟುತ್ತದೆ. ಸೆನ್ಸರು, ಇಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು, ಹೊಗೆಯ ಮಸಿ ಹಿಡಿಯುವ ಫಿಲ್ಟರು, ಶೇ. 32.5 ಯೂರಿಯಾ ದ್ರಾವಣ ಎಲ್ಲ ಸೇರಿ ಇದು ಕಂಪನಿಯ ಕಂಪ್ಯೂಟರಿನ ಆಸ್ತಿಯಾಯಿತು, ರಸ್ತೆಬದಿಯ ಮಿಸ್ತ್ರಿಗೆ ಜಾಗವಿಲ್ಲ ಎನ್ನುತ್ತಾರೆ. ಅರ್ಧ ನಿಜ. ನಾಜಲ್ ರಿಪೇರಿ, ಪಂಪಿನ ಕ್ಯಾಲಿಬ್ರೇಷನ್ ಖಂಡಿತ ಕೆಲವೇ ಸುಸಜ್ಜಿತ ಕೈಗಳಿಗೆ ಹೋಗುತ್ತವೆ. ಆದರೆ ಕೋಡು ತೋರಿಸುವುದು ಲಕ್ಷಣವನ್ನು. ರೈಲಿನ ಒತ್ತಡ ಕಡಿಮೆ ಎಂದು ತೆರೆ ಹೇಳಿದರೆ ಕಾರಣ ಪಂಪೋ, ಕಟ್ಟಿದ ಫಿಲ್ಟರೋ, ಇಲಿ ಕಡಿದ ವೈರೋ, ಡ್ರಮ್ಮಿನಿಂದ ಸುರಿದ ಡೀಸೆಲ್‌ನಲ್ಲಿ ಸೇರಿದ ನೀರೋ ಎಂದು ತಿಳಿಯಲು ಅದೇ ಹಳೆಯ ಮೂರು ಪ್ರಶ್ನೆ ಬೇಕು. ಮೇಲಾಗಿ ಟ್ರ್ಯಾಕ್ಟರು ಹತ್ತಿಪ್ಪತ್ತು ವರ್ಷ ದುಡಿಯುವ ಯಂತ್ರ. 50 ಅಶ್ವಶಕ್ತಿಯ ಕೆಳಗಿನವು ಬಹುಪಾಲು ಯಾಂತ್ರಿಕ ಪಂಪಿನವೇ. ಸ್ಕ್ಯಾನರ್ ಹಿಡಿಯಲು ಕಲಿತ ಮಿಸ್ತ್ರಿಗೆ ಎರಡೂ ಲೋಕ ಸಿಗುತ್ತವೆ, ಕಲಿಯದವನಿಗೆ ಹಳೆಯದು ಮಾತ್ರ, ಅದೂ ಕುಗ್ಗುತ್ತ.

ಎರಡನೆಯದು ಬ್ಯಾಟರಿಯ ಮಾತು, ಹೆಚ್ಚು ಗಂಭೀರ. ಡೀಸೆಲ್ಲೇ ಹೋಗುವುದಾದರೆ ಈಗ ಹದಿನಾರರ ಹುಡುಗನನ್ನು ಇದಕ್ಕೆ ಹಚ್ಚುವುದು ನ್ಯಾಯವೇ? ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದೆ. ಇಂಜಿನ್ ಅದರ ಮೂರನೇ ಒಂದು ಪಾಲನ್ನು ಮಾತ್ರ ದುಡಿಮೆಯಾಗಿಸುತ್ತದೆ ಎಂದರೂ 60 ಲೀಟರಿನ ಟ್ಯಾಂಕಿನಿಂದ 200 ಯೂನಿಟ್ ಬರುತ್ತದೆ. ಅಷ್ಟು ಶಕ್ತಿ ಹಿಡಿಯುವ ಲಿಥಿಯಂ ಬ್ಯಾಟರಿ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಸಾಧಾರಣ ಟ್ರ್ಯಾಕ್ಟರಿನ ತೂಕವೇ ಎರಡು ಟನ್ನಿನ ಆಸುಪಾಸು. ಅದನ್ನು ಚಾರ್ಜು ಮಾಡಬೇಕಾದದ್ದು ಹಂಗಾಮಿನ ನಡುವೆ, ಯಂತ್ರ ನಿಲ್ಲಬಾರದ ತಾಸಿನಲ್ಲೇ. ಸ್ಕೂಟರು, ಆಟೊ, ಊರೊಳಗಿನ ಸಣ್ಣ ಗಾಡಿಗಳು ಬ್ಯಾಟರಿಗೆ ಹೋಗುತ್ತಿವೆ, ಬಸ್ಸೂ ಹೋದೀತು. ಕಬ್ಬು ಎಳೆಯುವ ಟ್ರ್ಯಾಕ್ಟರು, ಕಟಾವು ಯಂತ್ರ ಕೊನೆಯ ಸಾಲಿನಲ್ಲಿವೆ. ಕಟಾವು ಯಂತ್ರ ಕಬ್ಬನ್ನು ತುಂಡು ಮಾಡಿ ಕೊಡುತ್ತದೆ. ತುಂಡು ಇಡೀ ಗಳುವಿಗಿಂತ ಬೇಗ ಕೆಡುವುದರಿಂದ, ಯಂತ್ರ ಹೆಚ್ಚಿದಷ್ಟೂ ನಿಂತ ತಾಸು ಇನ್ನೂ ದುಬಾರಿಯಾಗುತ್ತದೆ. ರಬಕವಿ-ಬನಹಟ್ಟಿಯ ಪವರ್‌ಲೂಮುಗಳು ಕರೆಂಟಿನವೇ ಆದರೂ ಕರೆಂಟು ಹೋದಾಗ ಮಗ್ಗ ನಿಲ್ಲದಿರಲು ಜನರೇಟರ್ ಬೇಕಾಗುತ್ತದೆ. ಹೊಸ ಶಕ್ತಿ ಬಂದ ಕಡೆ ಹಳೆಯದು ಕಾವಲಿಗೆ ಉಳಿಯುವ ಉದಾಹರಣೆ ಅದು. ಡೀಸೆಲ್ ಪಂಪು ಹೋದಾಗ ಕಸುಬು ಟ್ರ್ಯಾಕ್ಟರಿಗೆ ಹೊರಳಿದ್ದು ಮೇಲೆ ಕಂಡಿತು. ಆ ಹೊರಳು ಎಲ್ಲರಿಗೂ ಸಾಧ್ಯವಾಗಿರಲಿಕ್ಕಿಲ್ಲ ಎಂಬುದನ್ನು ಒಪ್ಪಲೇಬೇಕು. ಆದ್ದರಿಂದ ಈಗ ಸೇರುವವರು ಹೈಡ್ರಾಲಿಕ್ಸ್ ಮತ್ತು ವಾಹನ ವಿದ್ಯುತ್ತನ್ನು ಜೊತೆಗೇ ಕಲಿಯಬೇಕು. ಇಂಜಿನ್ ಯಾವುದೇ ಆದರೂ ಟ್ರೇಲರ್ ಎತ್ತುವುದು ಎಣ್ಣೆಯ ಒತ್ತಡ.

ಮೈಗೆ ಆಗುವ ಹಾನಿಯ ಬಗ್ಗೆ ಗ್ಯಾರೇಜುಗಳು ಮಾತೇ ಆಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಕೆಲಸ ಮಾಡುವ ರೂಢಿ ಬಿಡಬೇಕು. ಕಾಮನ್ ರೈಲಿನ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕುವುದು ಹಳೆಯ ಚಾಳಿ; ಆ ಒತ್ತಡದ ಡೀಸೆಲ್ ಸೂಜಿಯಂತೆ ಚರ್ಮ ತೂರುತ್ತದೆ, ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಮಾಂಸ ಕೊಳೆತು ಬೆರಳು ಕಳೆದುಕೊಳ್ಳಬೇಕಾಗಬಹುದು. ಹೀಗಾದರೆ ಅರಿಶಿಣ ಹಚ್ಚಿ ಕೂರದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಈ ಸೀಮೆಗೇ ಸೇರಿದ ಒಂದು ಕೆಲಸವಿದೆ: ನೆರೆಯಲ್ಲಿ ಮುಳುಗಿದ ಇಂಜಿನ್ನನ್ನು ಮತ್ತೆ ಎಬ್ಬಿಸುವುದು. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಹೊಳೆದಂಡೆಯ ಊರುಗಳಿಗೆ ನುಗ್ಗಿದಂತೆ ನೀರು ನುಗ್ಗಿದಾಗ, ಅಂಗಳದ ಟ್ರ್ಯಾಕ್ಟರು, ಶೆಡ್ಡಿನ ಜನರೇಟರು ಮುಳುಗುತ್ತವೆ. ನೀರು ಇಳಿದ ಮೇಲೆ ಮಾಲೀಕ ಮೊದಲು ಮಾಡುವುದು ಚಾವಿ ತಿರುಗಿಸಿ ನೋಡುವುದು, ಇಂಜಿನ್ ಕೆಡುವುದೂ ಆಗಲೇ. ಗಾಳಿಯಂತೆ ನೀರು ಒತ್ತಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆದ್ದಾಗ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಬಲ್ಲ ಮಿಸ್ತ್ರಿ ಮೊದಲು ಬ್ಯಾಟರಿ ತಂತಿ ತೆಗೆಯುತ್ತಾನೆ, ನಾಜಲ್‌ಗಳನ್ನು ಬಿಚ್ಚಿ ಕೈಯಿಂದ ಮೆಲ್ಲಗೆ ಕ್ರ್ಯಾಂಕ್ ತಿರುಗಿಸಿ ಸಿಲಿಂಡರಿನ ನೀರನ್ನು ಹೊರಗೆ ಚಿಮ್ಮಿಸುತ್ತಾನೆ, ಚೇಂಬರಿನ ಆಯಿಲ್, ಟ್ಯಾಂಕಿನ ಡೀಸೆಲ್ ಪೂರ್ತಿ ಇಳಿಸುತ್ತಾನೆ. ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಚೆಲ್ಲಿ ಮತ್ತೆ ತುಂಬುತ್ತಾನೆ. ನೆರೆ ಬರುವುದು ಸಾಮಾನ್ಯವಾಗಿ ಆಗಸ್ಟ್ ಆಸುಪಾಸಿನಲ್ಲಿ. ಕಾರ್ಖಾನೆಗಳು ಗಾಣ ಹೂಡುವ ಹೊತ್ತಿಗೆ ಉಳಿಯುವುದು ಕೆಲವೇ ವಾರ. ಅಷ್ಟರೊಳಗೆ ಒಂದು ಊರಿನ ಎಷ್ಟು ಇಂಜಿನ್ನುಗಳು ಮತ್ತೆ ಚಾಲೂ ಆಗುತ್ತವೆ ಎಂಬುದರ ಮೇಲೆ ಆ ಊರಿನ ಎಷ್ಟು ಕಬ್ಬು ಹೊತ್ತಿಗೆ ಸರಿಯಾಗಿ ಕಾರ್ಖಾನೆ ಮುಟ್ಟುತ್ತದೆ ಎಂಬುದು ನಿಂತಿದೆ.